ಚಾಮರಾಜನ ಆಟೋ ರಿಪ್ಲೈ

ಚಾಮರಾಜನಿಗೆ ಬಹುವಚನ ಕೊಡಲು ನನ್ನಿಂದಾಗದು. ಅಬುಧಾಬಿಯ ಖಾಲಿದಿಯಾದಲ್ಲಿದ್ದ ನಮ್ಮ ಆಫೀಸಿನಲ್ಲಿ ಎಲ್ಲರಂತೆ ನಾನೂ ಅವನನ್ನು ‘ಸರ್’ ಎನ್ನುತ್ತಿದ್ದೆ. ಹಾಗೆನ್ನದಿದ್ದರೆ ಪಾಸ್‌ವರ್ಡ್ ಮರೆತ ದಿನ ಮಧ್ಯಾಹ್ನದವರೆಗೆ ಕಾಯಿಸುತ್ತಿದ್ದ. ಈಗ ಆ ಹಂಗಿಲ್ಲ.

ನಮ್ಮದು ಕಟ್ಟಡಗಳಿಗೆ ಏಸಿ ಕೂರಿಸುವ ಕಂಪನಿ. ನಾನು ಅಮಿತಾ, ಕಾಪು ಕಡೆಯವಳು, ಎಚ್‌ಆರ್ ಎಂಬ ಹೆಸರಿನಲ್ಲಿ ವೀಸಾದಿಂದ ಹಿಡಿದು ಟೀ ಪುಡಿಯವರೆಗೆ ಎಲ್ಲ ನೋಡಿಕೊಳ್ಳುವವಳು. ಚಾಮರಾಜ ಮೈಸೂರಿನವನು, ಐಟಿ ಇನ್‌ಚಾರ್ಜ್. ಐಟಿ ಎಂದರೆ ದೊಡ್ಡದೇನಲ್ಲ, ಪ್ಯಾಂಟ್ರಿಯ ಪಕ್ಕದ ಕಪಾಟಿನಲ್ಲಿ ಬಿಸಿಯಾಗಿ ಗುಂಯ್‌ಗುಡುತ್ತಿದ್ದ ಒಂದು ಮೇಲ್ ಸರ್ವರ್. ಕಪಾಟಿನ ಕೀಲಿ ಅವನ ಸೊಂಟದಲ್ಲಿ, ಸರ್ವರಿನ ಪಾಸ್‌ವರ್ಡ್ ಅವನ ತಲೆಯಲ್ಲಿ. ಇಷ್ಟಕ್ಕೇ ಮನುಷ್ಯನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅವನ ದರ್ಬಾರೆಲ್ಲ ನಡೆಯುತ್ತಿದ್ದುದು ಆಟೋ ರಿಪ್ಲೈಯಲ್ಲಿ. ಯಾರಾದರೂ ರಜೆಯಲ್ಲಿ ಊರಿಗೆ ಹೋದರೆ, ಅವರಿಗೆ ಬಂದ ಮೇಲ್‌ಗಳಿಗೆ ‘ಇವರು ರಜೆಯಲ್ಲಿದ್ದಾರೆ, ಇಂಥವರನ್ನು ಸಂಪರ್ಕಿಸಿ’ ಎಂದು ಸರ್ವರೇ ಉತ್ತರ ಕಳಿಸಬೇಕಲ್ಲ, ಅದು. ಬೇರೆ ಕಡೆ ಅವರವರದನ್ನು ಅವರವರೇ ಹಾಕಿಕೊಳ್ಳುತ್ತಾರೆ. ಇವನು ಆ ಸೌಲಭ್ಯವನ್ನೇ ಬಂದ್ ಮಾಡಿದ್ದ. ಪ್ರತಿಯೊಬ್ಬರೂ ಅವನ ಮೇಜಿನ ಮುಂದೆ ನಿಂತು ಕೇಳಿಕೊಳ್ಳಬೇಕು, ಅವನು ನಿಧಾನವಾಗಿ ಕನ್ನಡಕ ಒರೆಸಿಕೊಂಡು ತನ್ನ ಇಂಗ್ಲಿಷಿನಲ್ಲಿ ಬರೆಯಬೇಕು. ಕೆಲಸ ಕಳೆದುಕೊಂಡವರದ್ದನ್ನು ಬರೆಯುವುದೆಂದರಂತೂ ಅವನಿಗೆ ಹಬ್ಬ. ಇಲ್ಲಿಯ ಪೇಪರುಗಳಲ್ಲಿ ಫೋಟೋ ಸಮೇತ ‘ಈ ವ್ಯಕ್ತಿ ಈಗ ನಮ್ಮ ಕಂಪನಿಯಲ್ಲಿಲ್ಲ, ಇವನ ಜೊತೆ ವ್ಯವಹರಿಸಿದರೆ ನಾವು ಜವಾಬ್ದಾರರಲ್ಲ’ ಎಂಬ ಪ್ರಕಟಣೆಗಳು ಬರುತ್ತವೆ. ಅವನ್ನು ಟೀ ಕುಡಿಯುತ್ತಾ ಬಾಯಿ ಚಪ್ಪರಿಸಿಕೊಂಡು ಓದುತ್ತಿದ್ದ. ಅವನ ಬರಹದ ಧಾಟಿಯೂ ಅದೇ.

2013ರಲ್ಲಿ ಚನಿಯನ ಕೆಲಸ ಹೋಯಿತು. ಚನಿಯ ನಮ್ಮ ಪರ್ಚೇಸ್ ನೋಡುತ್ತಿದ್ದವನು, ಕಟಪಾಡಿಯವನು, ನನ್ನ ಜೊತೆ ತುಳುವಿನಲ್ಲಿ ಹರಟುತ್ತಿದ್ದ ಒಬ್ಬನೇ ಒಬ್ಬ. ಹೆಂಡತಿ ಲೋಲಾಕ್ಷಿ, ಮಗಳು ಅಶ್ಮಿತಾ ದುಬೈಯ ಅಲ್ ಕುಸೈಸ್‌ನಲ್ಲಿ, ಮಗಳ ಶಾಲೆಯ ಹತ್ತಿರ. ಅವರಿಬ್ಬರ ವೀಸಾ ಇವನ ವೀಸಾಕ್ಕೆ ಕಟ್ಟಿಕೊಂಡದ್ದು. ಕ್ಯಾನ್ಸಲ್ ಆದ ಮೇಲೆ ಸಿಗುವ ಅವಧಿಯೊಳಗೆ ಬೇರೆ ಕೆಲಸ ಸಿಗದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು, ಹುಡುಗಿಯ ಶಾಲೆ ವರ್ಷದ ನಡುವಿನಲ್ಲೇ ಖಲಾಸ್.

ಪುಣ್ಯಕ್ಕೆ ದುಬೈಯ ಒಂದು ಕಂಪನಿಯಲ್ಲಿ ಅವನ ಇಂಟರ್‌ವ್ಯೂ ಚೆನ್ನಾಗಿ ಆಗಿತ್ತು. ಮೇಲ್ ಮಾಡುತ್ತೇವೆ ಎಂದಿದ್ದರು. ತೊಂದರೆ ಏನೆಂದರೆ, ಅರ್ಜಿಯಲ್ಲಿ ಅವನು ಬರೆದಿದ್ದ ಈಮೇಲ್ ನಮ್ಮ ಆಫೀಸಿನದ್ದು, ಅವನಿಗಿದ್ದುದು ಅದೊಂದೇ. ಮೊಬೈಲ್ ನಂಬರೂ ಕಂಪನಿ ಕೊಟ್ಟ ಸಿಮ್ಮಿನದ್ದು. ಕೆಲಸ ಹೋದ ದಿನವೇ ಚಾಮರಾಜ ಸಿಮ್ ಕಿತ್ತುಕೊಂಡ, ಮೇಲ್ ಮುಚ್ಚಿದ. ಚನಿಯ ಹೊಸ ನಂಬರನ್ನು ಆ ಕಂಪನಿಯ ರಿಸೆಪ್ಷನ್ನಿಗೆ ಫೋನ್ ಮಾಡಿ ಹೇಳಿಯೂ ಇದ್ದ. ಅದನ್ನು ಅವರು ಎಲ್ಲಿ ಬರೆದುಕೊಂಡರೋ, ಬರೆದುಕೊಂಡರೋ ಇಲ್ಲವೋ.

ಹಾಗಾಗಿ ಅವನು ಚಾಮರಾಜನ ಮೇಜಿನ ಮುಂದೆ ಬಂದು ನಿಂತ. ನಾನು ಎದುರಿನ ಮೇಜಿನಲ್ಲಿದ್ದೆ.

“ಸರ್, ಆಟೋ ರಿಪ್ಲೈಯಲ್ಲಿ ಒಂದು ಸಾಲು ಮಾರಾಯ್ರೆ. ನನ್ನ ಹೊಸ ನಂಬರ್ ಒಂದು ಹಾಕಿಬಿಡಿ. ಮತ್ತೇನೂ ಬೇಡ.”

“ಆಗಲ್ಲ ಕಣ್ರೀ. ಪಾಲಿಸಿ ಇದೆ. ಹೋದೋರ ಪರ್ಸನಲ್ ನಂಬರ್ ಹಾಕಂಗಿಲ್ಲ.”

“ಮಗಳ ಶಾಲೆ ಉಂಟು ಸರ್. ಆ ಮೇಲ್ ತಪ್ಪಿದ್ರೆ ನಾವು ಊರಿಗೇ.”

“ಎಲ್ಲರಿಗೂ ಮಕ್ಕಳಿರ್ತಾವೆ. ನಾನೇನ್ ಮಾಡ್ಲಿ?”

ಆ ಪಾಲಿಸಿ ಎಂಬುದನ್ನು ನಾನು ಎಲ್ಲೂ ನೋಡಿರಲಿಲ್ಲ. ಕಂಪನಿಯ ನಿಯಮಗಳನ್ನು ಟೈಪ್ ಮಾಡಿದವಳೇ ನಾನು. ಹಾಗಂತ ಹೇಳಿದ್ದಕ್ಕೆ, “ಇದು ಐಟಿ ಪಾಲಿಸಿ, ನಿಮಗೆ ಗೊತ್ತಾಗಲ್ಲ” ಎಂದು ನನ್ನ ಬಾಯಿ ಮುಚ್ಚಿಸಿದ. ಚನಿಯ ಹೋದ ಮೇಲೆ ಹುರುಪಿನಿಂದ ಕೀಬೋರ್ಡ್ ಕುಟ್ಟಿದ. ಏನು ಬರೆದನೆಂದು ಆಗ ನಾನು ನೋಡಲಿಲ್ಲ.

ನೋಡಿದ್ದು ದುಬೈಯ ಸಿಸಿಲಿಯಾ. ಆ ಕಂಪನಿಯ ಎಚ್‌ಆರ್‌ನವಳು, ಮಂಗಳೂರಿನವಳು. ಚನಿಯನಿಗೆ ಕೆಲಸ ಖಾಯಂ ಎಂದು ಮೇಲ್ ಕಳಿಸಿದಳು. ಕಳಿಸಿದ ಕೂಡಲೇ ಉತ್ತರ ಬಂತು: ‘ಮಿಸ್ಟರ್ ಚನಿಯ ಈಸ್ ನೋ ಮೋರ್.’

‘ಇವರು ಇನ್ನಿಲ್ಲಿ ಇಲ್ಲ’ ಎಂದು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ಇಳಿಸಿದ್ದ ನಮ್ಮ ಪಂಡಿತ. ಓದಿದವಳು ಬೇರೆ ಯಾವುದೋ ದೇಶದವಳಾಗಿದ್ದರೆ ಇದೇನೆಂದು ತಲೆ ಕೆರೆದುಕೊಂಡು ಫೋನಾದರೂ ಮಾಡುತ್ತಿದ್ದಳೇನೋ. ನಮ್ಮವಳಿಗೆ ಅನುಮಾನವೇ ಬರಲಿಲ್ಲ. ಊರ ಪೇಪರಿನಲ್ಲಿ ಹಿರಿಯರ ಫೋಟೋದ ಮೇಲೆ ‘ಇನ್ನಿಲ್ಲ’ ಎಂದು ಓದಿ ಬೆಳೆದವಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕಣ್ಣೊರೆಸಿಕೊಂಡಳಂತೆ. ಆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವನಿಗೆ ಹೋಯಿತು.

ಸಿಸಿಲಿಯಾ ಒಳ್ಳೆಯ ಹೆಂಗಸು. ಅರ್ಜಿಯಲ್ಲಿದ್ದ ವಿಳಾಸ ಅವಳ ಬಿಲ್ಡಿಂಗಿನ ಹಿಂದಿನ ರಸ್ತೆಯದ್ದು. ಇಲ್ಲಿ ವಾರದ ರಜೆಯಾದ ಶುಕ್ರವಾರ ಚರ್ಚಿನಿಂದ ಬರುವಾಗ, ಪಾಪ ಆ ಹೆಂಡತಿಯನ್ನು ಮಾತಾಡಿಸಿ ಬರೋಣವೆಂದು ಹಣ್ಣು ತೆಗೆದುಕೊಂಡು ಹೋಗಿ ಬೆಲ್ ಒತ್ತಿದ್ದಾಳೆ. ಬಾಗಿಲು ತೆಗೆದವನು ಚನಿಯ, ಬನಿಯನ್ನಿನಲ್ಲಿ.

“ದೇವರೇ! ನೀವು... ನೀವು ಹೋಗ್ಲಿಲ್ವಾ?”

“ಎಲ್ಲಿಗೆ?” ಎಂದು ಕೇಳಿದನಂತೆ ಚನಿಯ. “ಇನ್ನೂ ಹದಿನೈದು ದಿನ ಉಂಟಲ್ಲ ವೀಸಾ.”

ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದ್ದು ಲೋಲಾಕ್ಷಿ. ಮೊದಲು ನಗುತ್ತಾ ಶುರು ಮಾಡಿದವಳು ಕೊನೆಗೆ ಅಳುತ್ತಾ ಫೋನಿಟ್ಟಳು. ಮುಂದಿನವನು ಆಗಲೇ ಸಹಿ ಹಾಕಿಯಾಗಿತ್ತು, ಸಿಸಿಲಿಯಾ ಎಷ್ಟು ಒದ್ದಾಡಿದರೂ ಏನೂ ಮಾಡಲಾಗಲಿಲ್ಲ.

ರಜೆ ಮುಗಿದು ಭಾನುವಾರ ಆಫೀಸು ತೆರೆದ ಕೂಡಲೇ ನಾನು ಚಾಮರಾಜನ ಮುಂದೆ ಹೋಗಿ ನಿಂತೆ.

“ಬದುಕಿರೋ ಮನುಷ್ಯನನ್ನು ಕೊಂದ್ರಲ್ಲ ಸರ್ ನೀವು!”

ಅವನು ಸ್ಕ್ರೀನಿನ ಮೇಲಿದ್ದ ಸಾಲನ್ನು ಮತ್ತೊಮ್ಮೆ ಓದಿದ. ನಾಚಿಕೆಯಾದರೂ ಆಗಬಹುದೆಂದು ಕಾದೆ.

“ಗ್ರಾಮರ್ ಸರಿಯಾಗೇ ಇದೆಯಲ್ರೀ,” ಎಂದ. “ಓದೋರ್ಗೆ ಬುದ್ಧಿ ಬೇಡ್ವಾ?”

ಚನಿಯನ ಸಂಸಾರ ಊರಿಗೆ ಹೋಯಿತು. ಏರ್‌ಪೋರ್ಟಿನಲ್ಲಿ ಅಶ್ಮಿತಾ ಶಾಲೆಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಸಾಲು ಮಾತ್ರ ಬಹುಕಾಲ ಸರ್ವರಿನಲ್ಲಿ ಹಾಗೇ ಇತ್ತು. ಚಾಮರಾಜನಿಗೆ ಅದನ್ನು ತಿದ್ದಲು ಪುರುಸೊತ್ತಾಗಲಿಲ್ಲ.

2016ರಲ್ಲಿ ಎಣ್ಣೆಯ ಬೆಲೆ ಕುಸಿದು ಕೆಲಸಗಳು ನಿಂತಾಗ ಚಾಮರಾಜನ ಸರದಿ ಬಂತು. ಸರ್ವರನ್ನು ನೋಡಿಕೊಳ್ಳಲು ಹೊರಗಿನವರನ್ನು ಗೊತ್ತು ಮಾಡಿದ ಮ್ಯಾನೇಜರ್, ಆಟೋ ರಿಪ್ಲೈಯಂಥ ಸಣ್ಣಪುಟ್ಟದ್ದನ್ನು ನನಗೆ ಒಪ್ಪಿಸಿದ. ಚಾಮರಾಜ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಹೊರಟ. ಖಲೀಫಾ ಸಿಟಿಯಲ್ಲಿ ಬಾಡಿಗೆ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಸುಳ್ಳು ಯಾಕೆ, ಆಗ ನನಗೆ ಅಯ್ಯೋ ಪಾಪ ಅನಿಸಿತು.

ಮರುದಿನ ಅವನ ಸಹಿ ಬೇಕಿದ್ದ ಒಂದು ಕಾಗದವನ್ನು ಅಭ್ಯಾಸಬಲದಿಂದ ಅವನ ಹಳೆಯ ಆಫೀಸ್ ಈಮೇಲಿಗೇ ಕಳಿಸಿಬಿಟ್ಟೆ. ತಕ್ಷಣ ಉತ್ತರ ಬಂತು. ಕೀಲಿ ಕೊಡುವ ಮೊದಲು ತನ್ನ ಆಟೋ ರಿಪ್ಲೈಯನ್ನು ತಾನೇ ಹಾಕಿಕೊಂಡು ಹೋಗಿದ್ದ. ‘ಮಾನ್ಯರೇ’ ಎಂದು ಶುರುವಾಗಿ, ತಾನು ಈಗ ಈ ಕಂಪನಿಯಲ್ಲಿಲ್ಲವೆಂದು ವಿನಯವಾಗಿ ತಿಳಿಸಿ, ಹೊಸ ಮೊಬೈಲ್ ನಂಬರು, ಸ್ವಂತ ಈಮೇಲು, ಉದ್ಯೋಗಾವಕಾಶವಿದ್ದರೆ ದಯವಿಟ್ಟು ಸಂಪರ್ಕಿಸಿ ಎಂಬ ಬೇಡಿಕೆ. ನಂಬರು ದಪ್ಪ ಅಕ್ಷರದಲ್ಲಿತ್ತು. ‘ನೋ ಮೋರ್’ ಎಲ್ಲೂ ಇರಲಿಲ್ಲ.

ಕಟಪಾಡಿಯಲ್ಲಿ ಪೈಪಿನ ಅಂಗಡಿ ಇಟ್ಟುಕೊಂಡಿದ್ದ ಚನಿಯನಿಗೆ ಫೋನ್ ಮಾಡಿ ಓದಿ ಹೇಳಿದೆ.

“ಇರ್ಲಿ ಬಿಡು ಮಾರಾಯ್ತಿ,” ಎಂದ. “ಅವನಿಗೂ ಮಕ್ಕಳುಂಟು. ನಂಬರ್ ಹಾಗೇ ಇರ್ಲಿ.”

ಚನಿಯ ಒಳ್ಳೆಯವನು. ನಾನು ಅಷ್ಟು ಒಳ್ಳೆಯವಳಲ್ಲ. ಫೋನಿಟ್ಟು ಚಾಮರಾಜನ ನಂಬರು, ಈಮೇಲು, ದಯವಿಟ್ಟು, ಎಲ್ಲವನ್ನೂ ಅಳಿಸಿದೆ. ಅಲ್ಲಿ ‘ಮಿಸ್ಟರ್ ಚಾಮರಾಜ ಈಸ್ ನೋ ಮೋರ್’ ಎಂದು ಟೈಪ್ ಮಾಡಿ ಸೇವ್ ಒತ್ತಿದೆ. ಇನ್ನೊಮ್ಮೆ ಓದಿ ನೋಡಿದೆ, ಗ್ರಾಮರ್ ಸರಿಯಾಗಿಯೇ ಇತ್ತು.