ಮೈಕ್ ಕಿರುಚಿದಾಗ ಅಪ್ಪ ಹೇಳಿದ್ದು

ಇವತ್ತು ಶಿರಾದ ಒಂದು ಸಭೆಯಲ್ಲಿ ಮಾತಾಡಲು ನಿಂತಾಗ, ಮೈಕಿನ ಜಾಲರಿಯಿಂದ ಕಬ್ಬಿಣ, ಎಂಜಲು ಬೆರೆತ ಹಳೇ ವಾಸನೆ ಮೂಗಿಗೆ ಬಡಿಯಿತು.

ನಾನು ಶಾಲೆಗೆ ಹೋಗುತ್ತಿದ್ದಾಗ ಮಧುಗಿರಿಯಲ್ಲಿ ಅಪ್ಪ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಇಂಗ್ಲಿಷ್ ಶಾಲೆಯ ವಾರ್ಷಿಕೋತ್ಸವಕ್ಕೂ ಅವರದೇ ಸೆಟ್ಟು. ಅವರು ನನ್ನಪ್ಪ ಅಂತ ಗೆಳತಿಯರಿಗೆ ನಾನು ಹೇಳಿರಲಿಲ್ಲ. ಒಂದು ವರ್ಷ ಅಲ್ಲಿ ನನ್ನದೂ ಭಾಷಣವಿತ್ತು. ಮೊದಲ ಸಾಲನ್ನು ಅಂಜುತ್ತ ಪಿಸುಗುಟ್ಟಿದೆ. ಮೈಕು ಕುಯ್ಯೋ ಅಂತ ಕಿರುಚಿತು. ಗಾಬರಿಯಲ್ಲಿ ಅಂಗೈಯಿಂದ ಮುಚ್ಚಿದೆ. ಕಿರುಚಾಟ ಇನ್ನೂ ಜೋರಾಯಿತು. ಸಭೆಯೆಲ್ಲ ನಕ್ಕಿತು.

ಅಪ್ಪ ಬರಿಗಾಲಲ್ಲೇ ವೇದಿಕೆ ಹತ್ತಿ ಬಂದು, ನನಗಷ್ಟೇ ಕೇಳುವಂತೆ ಹೇಳಿದರು: "ಕೈ ತೆಗಿಯಮ್ಮ, ಮುಚ್ಚಿದ್ರೆ ಇನ್ನೂ ಕೂಗ್ತದೆ. ನೀನು ಪಿಸುಪಿಸು ಅಂದ್ರೆ ನಾನು ವಾಲ್ಯೂಮ್ ಏರಿಸ್ಬೇಕು. ಆಗ ಸ್ಪೀಕರ್ ಸದ್ದು ತಿರ್ಗಾ ಮೈಕಿಗೇ ಬಂದು ಅರಚ್ತದೆ. ಹತ್ರ ಬಂದು ಗಟ್ಟಿಯಾಗಿ ಮಾತಾಡು, ನಾನು ಇಳಿಸ್ತೀನಿ. ಮನೇಲಿ ನನ್ ಮೇಲೆ ರೇಗಲ್ವಾ, ಅಂಗೆ ಕಣಮ್ಮ."

ಸ್ಪೀಕರನ್ನು ಜನರ ಕಡೆಗೆ ತಿರುಗಿಸಿ ಅವರು ಇಳಿದುಹೋದರು. ನಾನು ಗಟ್ಟಿಯಾಗಿ ಮಾತಾಡಿದೆ, ಮೈಕು ಸುಮ್ಮನಿತ್ತು. ಮುಗಿಸುವಾಗ ಮೈಕಿನಲ್ಲೇ ಹೇಳಿದೆ: "ಈಗ ಬಂದು ಸರಿಮಾಡಿದವರು ನಮ್ಮಪ್ಪ."

ಭಾಷಣ ಕೆಟ್ಟುಹೋಗಿದ್ದರೂ ಹಾಗೆ ಹೇಳುತ್ತಿದ್ದೆನೇ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇವತ್ತಂತೂ ಮೈಕಿನ ಹತ್ತಿರ ಸರಿದು, ಹಿಂದಿನ ಸಾಲಿಗೂ ಕೇಳುವಂತೆ ನಮಸ್ಕಾರ ಹೇಳಿದೆ.