ಅಪ್ಪನಿಗೆ ಜ್ವರ

ಬಟ್ಟೆ ಹರಿದಿತ್ತೆಂದೇ ಗೊತ್ತಾಗದ ಹಾಗೆ ಹೊಲಿದುಕೊಡುವುದರಲ್ಲಿ ರಫು ಅಕ್ಕನದು ಎತ್ತಿದ ಕೈ. ಕೋಟಿನ ಒಳಮಡಿಕೆಯಿಂದಲೇ ನಾಲ್ಕು ಎಳೆ ಬಿಡಿಸಿ, ಅದರಲ್ಲೇ ತೂತು ಮುಚ್ಚುತ್ತಿದ್ದಳು. ಮನೆಯಲ್ಲೂ ಅದೇ ಕಸುಬು. ಬಡಗಿ ಗಂಡ ಹಾಡುಹಗಲೇ ಕುಡಿದು ಬಂದು ಗೋಡೆಗೆ ಮುಖ ಮಾಡಿ ಬಿದ್ದುಕೊಂಡರೆ, ಏಳು ವರ್ಷದ ಮಗಳಿಗೆ ಅವಳದು ಒಂದೇ ಮಾತು: "ಅಪ್ಪಂಗೆ ಜ್ವರ ಪುಟ್ಟಿ, ಸದ್ದು ಮಾಡ್ಬೇಡ." ಮೇಸ್ತ್ರಿ ಕೇಳಿದರೂ ಜ್ವರ, ಪಕ್ಕದ ಮನೆಯವರು ಕೇಳಿದರೂ ಜ್ವರ. ವಾರಕ್ಕೆ ನಾಲ್ಕು ದಿನ ಬರುವ ಅದೆಂಥ ಜ್ವರವೋ ಮಹಾರಾಯ!

ಒಂದು ಸಲ ಪುಟ್ಟಿಗೇ ಜ್ವರ ಬಂತು. ರಫು ಅಕ್ಕ ಮಾತ್ರೆಯನ್ನು ಮಗಳ ಕೈಗಿತ್ತು, ನೀರಿಟ್ಟು, ಅವಸರದಲ್ಲಿ ಸೂಜಿಗೆ ಮರಳುತ್ತಿದ್ದಳು. ಮೂರು ದಿನವಾದರೂ ಮೈಬಿಸಿ ಇಳಿಯಲಿಲ್ಲ. ನಾಲ್ಕನೆಯ ದಿನ ಬಿಳಿ ಗುಂಡಿ ಬೇಕೆಂದು ಗುಂಡಿ ಡಬ್ಬಿಗೆ ಕೈ ಹಾಕಿದರೆ ಸಿಕ್ಕಿದ್ದು ಮಾತ್ರೆ! ಒಂದಲ್ಲ, ಐದು.

"ಯಾಕೆ ನುಂಗ್ಲಿಲ್ಲ ಪುಟ್ಟಿ?"

"ಅಪ್ಪಂಗೆ ಎತ್ತಿಟ್ಟೆ. ಅಪ್ಪಂಗೆ ಯಾವಾಗ್ಲೂ ಜ್ವರ. ನೀನು ಮಾತ್ರೆ ಕೊಡೋದೇ ಇಲ್ಲ."

ರಫು ಅಕ್ಕನ ಸುಳ್ಳಿಗೆ ಮಗು ಮೂರು ದಿನ ನರಳಿತ್ತು. ಮಗಳಿಗೆ ಮಾತ್ರೆ ನುಂಗಿಸಿ, ಮಲಗಿದ್ದ ಗಂಡನಿಗೂ ಕೇಳುವ ಹಾಗೆ ಹೇಳಿಬಿಟ್ಟಳು: "ಅಪ್ಪಂಗೆ ಜ್ವರ ಅಲ್ಲ ಕಣೇ, ಕುಡಿತ. ಅದೂ ಕಾಯಿಲೆನೇ. ನಿನ್ನಿಂದ ಬಂದಿದ್ದಲ್ಲ, ನೀನು ವಾಸಿ ಮಾಡೋದೂ ಅಲ್ಲ. ಅಪ್ಪನೇ ಡಾಕ್ಟ್ರ ಹತ್ರ ಹೋಗ್ಬೇಕು."

"ಮಗು ಮುಂದೆ ನನ್ನ ಮರ್ಯಾದೆ ತೆಗೀತೀಯಾ?" ಗಂಡ ರೇಗಿದ.

ಅವಳು ಜಗ್ಗಲಿಲ್ಲ. ಉಳಿದ ನಾಲ್ಕು ಮಾತ್ರೆ ಅವನ ಅಂಗೈಯಲ್ಲಿಟ್ಟಳು. "ನಿಮ್ಮ ಮಗಳು ಉಳಿಸಿದ್ದು. ನಾಳೆಯಿಂದ ಮೇಸ್ತ್ರಿಗೂ ನಾನು ಸುಳ್ಳು ಹೇಳಲ್ಲ."

ಅವನು ಮಾತ್ರೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಆ ವಾರ ಆಸ್ಪತ್ರೆಗೆ ಹೋದ. ಹೋದ ಮಾತ್ರಕ್ಕೆ ಬಿಟ್ಟುಹೋಗುವ ಚಟವೇ ಅದು? ಎರಡು ಸಲ ಜಾರಿದ, ಎರಡು ಸಲವೂ ತಾನೇ ಎದ್ದು ಮತ್ತೆ ಹೋದ.

ಐದು ತಿಂಗಳು ನೆಟ್ಟಗೆ ನಡೆಯಿತು. ಆಮೇಲೊಂದು ಮಧ್ಯಾಹ್ನ ಅವನು ಕೆಲಸ ಬಿಟ್ಟು ಬಂದು, ಗೋಡೆಗೆ ಮುಖ ಮಾಡಿ ಮಲಗಿದ. ರಫು ಅಕ್ಕನ ಬೆರಳಿಗೆ ಸೂಜಿ ಚುಚ್ಚಿತು. ಅಯ್ಯೋ, ಮತ್ತೆ ಶುರುವಾಯಿತೇ!

ಪುಟ್ಟಿ ಓಡಿದಳು. ಅಪ್ಪನ ಬಾಯಿ ಮೂಸಿದಳು, ಹಣೆ ಮುಟ್ಟಿದಳು.

"ಅಮ್ಮಾ, ಸುಡ್ತಿದೆ! ನಿಜವಾದ ಜ್ವರ!"

ರಫು ಅಕ್ಕ ಕಣ್ಣು ಒರೆಸಿಕೊಳ್ಳುತ್ತಲೇ ಬಿದ್ದು ಬಿದ್ದು ನಕ್ಕಳು.

"ಮೈ ಕೆಂಡ ಆಗಿದೆ, ನಿಂಗೆ ನಗೂನಾ?" ಗಂಡ ಗೊಣಗಿದ.

ಪುಟ್ಟಿ ಆಗಲೇ ನೀರಿನ ಲೋಟ ಹಿಡಿದು ನಿಂತಿದ್ದಳು. "ಅಮ್ಮಾ, ಈ ಸಲ ಮಾತ್ರೆ ಕೊಡ್ಬಹುದಲ್ವಾ?"