ಗಂಗವ್ವನ ದೀಪ ರಜೆ ಹಾಕಿದ ದಿನ

೨೦೦೩ರಲ್ಲಿ ನಾನು ಧಾರವಾಡ ತಾಲೂಕಿನ ಮುಗದದಲ್ಲಿ ಬ್ಯಾಂಕಿನ ಶಾಖಾ ವ್ಯವಸ್ಥಾಪಕಿಯಾಗಿದ್ದೆ. ಮನೆ ಧಾರವಾಡದ ಸಪ್ತಾಪುರದಲ್ಲಿ, ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಮರಳುತ್ತಿದ್ದೆ. ಮನೆಗೆ ಸೋಲಾರ್ ದೀಪ ಹಾಕಿಸಿಕೊಳ್ಳುವವರಿಗೆ ಸಾಲ ಕೊಡಿ ಎಂದು ಆ ವರ್ಷ ಮೇಲಿನಿಂದ ಸುತ್ತೋಲೆ ಬಂತು. ಅದರ ಬೆನ್ನಿಗೇ ಹುಬ್ಬಳ್ಳಿಯ ಪ್ರಾದೇಶಿಕ ಕಚೇರಿಯಿಂದ ಫೋನೂ ಬಂತು. ಸುತ್ತೋಲೆ ಇದೆಯೆಂದು ಕೇಳಿದವರಿಗೆಲ್ಲ ಕೊಟ್ಟುಬಿಡಬೇಡಿ, ಎಮ್ಮೆಗೆ ಕೊಟ್ಟ ಸಾಲ ಹಾಲಿನಲ್ಲಿ ತೀರುತ್ತದೆ, ದೀಪ ಏನು ದುಡಿಯುತ್ತದೆ? ಹೀಗೆ ಕೇಳಿದವರು ಸಾಲ ವಿಭಾಗದ ದೇಸಾಯಿ ಸಾಹೇಬರು. ಟ್ಯೂಬ್‌ಲೈಟಿನ ಕೆಳಗೆ, ಫ್ಯಾನಿನ ಗಾಳಿಗೆ ಕೂತು ಕೇಳಿದ ಪ್ರಶ್ನೆ ಅದು. ನನಗೆ ಆಗಲೂ ಸಿಟ್ಟು ಬಂದಿತ್ತು, ಈಗ ಬರೆಯುವಾಗಲೂ ಬರುತ್ತಿದೆ.

ದೀಪಾವಳಿ ಮುಗಿದ ಮೇಲೆ ಗಂಗವ್ವ ಶಾಖೆಗೆ ಬಂದಳು. ಆಕೆಯ ಗಂಡ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಹೆಲ್ಪರ್. ಈಕೆ ನಸುಕಿನಲ್ಲೆದ್ದು ಜೋಳದ ರೊಟ್ಟಿ ಮಾಡಿ, ಮೊದಲ ಬಸ್ಸಿಗೆ ಸಪ್ತಾಪುರದ ಒಂದು ಖಾನಾವಳಿಗೆ ಕಳಿಸುತ್ತಿದ್ದಳು. ಅಲ್ಲಿ ಉಣ್ಣುವವರು ಹೆಚ್ಚಾಗಿ ಕಾಲೇಜು ಹುಡುಗರು. ಗಂಗವ್ವನ ಮನೆ ನಡೆಯುತ್ತಿದ್ದುದು ಬಹುಪಾಲು ಆ ರೊಟ್ಟಿ ಬುಟ್ಟಿಯಿಂದ.

“ಬಾಯಾರ, ರೊಟ್ಟಿ ಬಡಿಯೂ ಹೊತ್ತಿಗೇ ಕರೆಂಟ್ ಹೋಗತೈತ್ರಿ. ಚಿಮಣಿ ಬೆಳಕಿನ್ಯಾಗ ರೊಟ್ಟಿ ಹೊತ್ತಿದ್ದು ಕಾಣಂಗಿಲ್ಲ. ಖಾನಾವಳಿಯವರು ಹೊಳ್ಳಿ ಕಳಸಾಕತ್ತಾರ. ಇನ್ನೂ ಹಿಂಗಾದ್ರ ಬ್ಯಾರೇದವರಿಗೆ ಹೇಳ್ತೇವಿ ಅಂದಾರ,” ಎಂದಳು.

ಕಣ್ಣಾರೆ ನೋಡದೆ ನಾನು ಸಾಲ ಕೊಟ್ಟವಳಲ್ಲ. ಆ ಮಧ್ಯಾಹ್ನವೇ ಆಕೆಯ ಮನೆಗೆ ಹೋದೆ. ಹಳೆಯ ಮನೆ, ಮಣ್ಣು ಹಾಸಿದ ಸಪಾಟು ಮಾಳಿಗೆ. ಅಡಿಗೆಮನೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ, ಅದಕ್ಕೂ ಹೊಗೆ ಕಟ್ಟಿತ್ತು. ಮಟಮಟ ಮಧ್ಯಾಹ್ನ ನಾನು ಗೋಡೆ ತಡವಿಕೊಂಡು ಒಳಗೆ ಹೋದೆ. ಒಲೆಯ ಪಕ್ಕದ ಗೂಡಿನಲ್ಲಿ ಚಿಮಣಿ, ಎಂದರೆ ಸೀಮೆಎಣ್ಣೆಯ ಬುಡ್ಡಿ, ಬೆಳಕಿಗಿಂತ ಹೆಚ್ಚು ಹೊಗೆ ಕೊಡುತ್ತಿತ್ತು. ಐದು ನಿಮಿಷಕ್ಕೆ ನನ್ನ ಕಣ್ಣು ಉರಿಯತೊಡಗಿದವು.

ಆಕೆಗೆ ಬೇಕಿದ್ದುದು ಮಾಳಿಗೆಯ ಮೇಲೊಂದು ಸೋಲಾರ್ ಪ್ಯಾನೆಲ್, ಒಳಗೆ ಬ್ಯಾಟರಿ ಮತ್ತು ಎರಡು ದೀಪ. ಒಟ್ಟು ಬೆಲೆ ಹದಿನೈದು ಸಾವಿರದ ಆಸುಪಾಸು. ಸ್ವಲ್ಪ ಹಣ ಸಾಲಗಾರ ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ಸರಕಾರದ ಸಬ್ಸಿಡಿ ಕೈಗೆ ಮೊದಲೇ ಬರುವುದಿಲ್ಲ. ಪ್ರಾದೇಶಿಕ ಕಚೇರಿಯವರು ಬಂದು, ದೀಪ ಉರಿಯುವುದನ್ನು ನೋಡಿ ಶಿಫಾರಸು ಮಾಡಿದ ಮೇಲೆ ಅದು ಸಾಲಕ್ಕೆ ಜಮೆಯಾಗುತ್ತದೆ. ಅವರು ಒಲ್ಲೆ ಎಂದರೆ ಪೂರಾ ಭಾರ ಸಾಲಗಾರನ ಹೆಗಲಿಗೆ. ನನ್ನ ಅಧಿಕಾರದ ಮಿತಿಯಲ್ಲೇ ಸಾಲ ಮಂಜೂರು ಮಾಡಿ, ಉದ್ದೇಶ ‘ರೊಟ್ಟಿ ಉದ್ಯೋಗ’ ಎಂದು ಬರೆದೆ.

ದೇಸಾಯಿಯವರ ಫೋನು ಬರಲು ತಡವಾಗಲಿಲ್ಲ.

“ಸಾಲ ಮುಳುಗಿದ್ರ ನಿಮ್ಮ ತಲಿ ಮ್ಯಾಲ ನೋಡ್ರಿ ಮೇಡಂ.”

“ತಲಿ ನಂದ ಐತ್ರಿ ಸಾಹೇಬ್ರ, ನಾ ನೋಡ್ಕೋತೇನಿ,” ಎಂದು ಫೋನಿಟ್ಟೆ.

ಗಂಗವ್ವನ ಮನೆಗೆ ದೀಪ ಬಂತು. ಚಳಿಗಾಲವೆಲ್ಲ ಕೆಲಸ ಸರಾಗವಾಗಿ ನಡೆಯಿತು. ಬುಟ್ಟಿ ಖಾಲಿಯಾಗಿ ಬರುತ್ತಿತ್ತು, ಖಾನಾವಳಿಯವರು ಹೆಚ್ಚು ರೊಟ್ಟಿ ಕೇಳತೊಡಗಿದರು, ಕಂತು ಕೇಳದೆಯೇ ಬಂದು ಬೀಳುತ್ತಿತ್ತು. ನನಗೆ ಒಳಗೊಳಗೇ ಹಿಗ್ಗು. ಮಾರ್ಚಿನಲ್ಲಿ, ಯುಗಾದಿಗೆ ಮುಂಚೆ, ದೇಸಾಯಿಯವರು ಜೀಪಿನಲ್ಲಿ ತಪಾಸಣೆಗೆ ಬಂದರು. ಬರಲಿ, ನೋಡಲಿ ಎಂದು ನಾನೇ ಮುಂದಾಗಿ ಕರೆದುಕೊಂಡು ಹೋದೆ.

ಅಡಿಗೆಮನೆಯ ಸ್ವಿಚ್ ಒತ್ತಿದರೆ ದೀಪ ಹತ್ತಲಿಲ್ಲ. ಪಡಸಾಲೆಯದೂ ಅಷ್ಟೇ. ದೇಸಾಯಿಯವರು ನನ್ನ ಮುಖ ನೋಡಿ ಪೆನ್ನಿನ ಕ್ಯಾಪು ತೆಗೆದರು.

“ನಿನ್ನಿ ಸಂಜೀಲಿಂದ ಮಿಣಮಿಣ ಅನ್ನಾಕತ್ತಿತ್ರಿ,” ಎಂದಳು ಗಂಗವ್ವ ಗಾಬರಿಯಿಂದ. “ಮುಂಜೇಲೆ ಪೂರಾ ಹೋತು. ನಿಮಗ ಹೇಳಾಕ ಹೊಂಟಿದ್ನಿ, ಅಷ್ಟರಾಗ ನೀವ ಬಂದ್ರಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಚ್ಚಣಿಕೆ ಹತ್ತಿದೆ. ದೇಸಾಯಿಯವರೂ ಹಿಂದೆ ಹತ್ತಿದರು. ಮಾಳಿಗೆಯ ಮೇಲೆ ಪ್ಯಾನೆಲ್ ಇದ್ದ ಜಾಗದಲ್ಲಿ ಒಂದು ಹಳೆಯ ಧೋತರ ಹಾಸಿತ್ತು, ಅದರ ತುಂಬ ಅಕ್ಕಿ ಸಂಡಿಗೆ. ಪಕ್ಕದಲ್ಲಿ ಗಂಗವ್ವನ ಅತ್ತೆ ನೀಲವ್ವ, ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದಳು. ಧೋತರದ ಅಂಚು ಎತ್ತಿ ನೋಡಿದರೆ ಕೆಳಗೆ ನಮ್ಮ ಪ್ಯಾನೆಲ್.

“ಆಯೀ, ಇದೇನ ಮಾಡೀರಿ?”

“ಇದನ್ನ ಕುಂಡರಿಸಿದಾವ ಹೇಳಿದ್ನಲ್ಲಬೇ, ಎಲ್ಲಾಕಿಂತ ಛಲೋ ಬಿಸಲ ಬೀಳೂ ಜಾಗಾ ಇದ ಅಂತ. ಮಣ್ಣಿನ ಮ್ಯಾಲ ಹಾಕಿದ್ರ ಸಂಡಗಿಗಿ ಮಣ್ಣ ಹತ್ತತೈತಿ. ಗಾಜು ಸ್ವಚ್ಛ ಐತಿ. ಅದೂ ಕಾಯ್ಲಿ, ಸಂಡಗೀನೂ ಕಾಯ್ಲಿ ಅಂತ ಮೂರ್ನಾಕ ದಿನದಿಂದ ಹಾಕಾಕತ್ತೇನಿ.”

ನನಗೆ ನಗು ತಡೆಯಲಾಗಲಿಲ್ಲ. ದೇಸಾಯಿಯವರಿಗೆ ನಗು ಬರಲಿಲ್ಲ. ಕೆಳಗಿಳಿದವರೇ ಬರೆಯುತ್ತ, ಜೋರಾಗಿ ಓದಿದರು: ಉಪಕರಣದ ದುರ್ಬಳಕೆ, ದೀಪ ಉರಿಯುತ್ತಿಲ್ಲ, ಸಬ್ಸಿಡಿಗೆ ಶಿಫಾರಸು ಇಲ್ಲ. “ನಾ ಮೊದಲ ಹೇಳಿದ್ದಿಲ್ಲೇನ್ರಿ ಮೇಡಂ, ದೀಪ ದುಡಿಯಂಗಿಲ್ಲ ಅಂತ?”

ನಾನು ಬಾಯಿ ತೆರೆಯುವ ಮೊದಲೇ ಗಂಗವ್ವ ಪಡಸಾಲೆಯ ಮೂಲೆಯಿಂದ ಬುಟ್ಟಿಯೊಂದನ್ನು ತಂದು ಅವರ ಮುಂದೆ ಕುಕ್ಕಿದಳು. ಅಂದು ನಸುಕಿನಲ್ಲಿ ಕಳಿಸಿದ ರೊಟ್ಟಿ, ಮಧ್ಯಾಹ್ನದ ಬಸ್ಸಿಗೆ ಮರಳಿ ಬಂದಿತ್ತು. ಮೇಲಿನ ಬಟ್ಟೆ ಸರಿಸಿದಳು. ಅರ್ಧಕ್ಕರ್ಧ ಕರಕಾಗಿದ್ದವು.

“ಮುಂಜೇಲೆ ಚಿಮಣಿ ಹಚ್ಚಿಕೊಂಡು ಬಡದ ರೊಟ್ಟಿ ಇವು. ಚಳಿಗಾಲ ಪೂರಾ ಒಂದ ರೊಟ್ಟಿ ಹೊಳ್ಳಿ ಬಂದಿದ್ದಿಲ್ಲ. ದೀಪ ದುಡಿಯಂಗಿಲ್ಲ ಅಂತೀರಲ್ರಿ ಸಾಹೇಬ್ರ, ಅದು ಒಂದ ದಿನ ರಜಾ ಹಾಕಿದ್ದಕ್ಕ ನನ್ನ ಬುಟ್ಟಿ ಹೊಳ್ಳಿ ಬಂತು. ನೀವು ಒಂದ ದಿನ ರಜಾ ಹಾಕಿದ್ರ ಬ್ಯಾಂಕಿನ ಬುಟ್ಟಿ ಹೊಳ್ಳಿ ಬರತೈತೇನ್ರಿ?”

ದೇಸಾಯಿಯವರ ಪೆನ್ನು ನಿಂತಿತು. ನನಗೂ ಅಷ್ಟೇ ಬೇಕಾಗಿತ್ತು.

“ದೀಪ ಹತ್ತೂತನಕ ಕುಂಡರ್ರಿ ಸಾಹೇಬ್ರ,” ಎಂದೆ. “ಹತ್ತಲಿಲ್ಲಂದ್ರ ನೀವು ಬರದಿದ್ದಕ್ಕ ನಾನೂ ಸಹಿ ಮಾಡ್ತೇನಿ.”

ಧೈರ್ಯವಾಗಿಯೇ ಅಂದೆ. ಬ್ಯಾಟರಿ ತೀರಾ ಇಳಿದರೆ ಅದು ಹಾಳಾಗದಿರಲೆಂದು ಕಂಟ್ರೋಲರ್ ಎಂಬ ಪುಟ್ಟ ಡಬ್ಬಿ ದೀಪವನ್ನು ತಾನೇ ಬಂದ್ ಮಾಡುತ್ತದೆ. ಬಿಸಿಲು ಬಿದ್ದು ಒಂದಿಷ್ಟು ಚಾರ್ಜ್ ಆದರೆ ಮತ್ತೆ ಬಿಡುತ್ತದೆ. ಆದರೆ ಹೊತ್ತು ಇಳಿಯುವುದರೊಳಗೆ ಅಷ್ಟು ಚಾರ್ಜ್ ಆದೀತೇ ಎಂಬುದು ನನಗೂ ಗೊತ್ತಿರಲಿಲ್ಲ. ನೀಲವ್ವ ಗೊಣಗುತ್ತಲೇ ಸಂಡಿಗೆ ತೆಗೆದಳು. ನಾನು ಗಾಜು ಒರೆಸಿದೆ. ಜೀಪಿನ ಡ್ರೈವರ್ ನಿದ್ದೆ ಹೋದ. ದೇಸಾಯಿಯವರು ಎರಡು ಸಲ ಚಹಾ ಕುಡಿದು ನಾಲ್ಕು ಸಲ ಗಡಿಯಾರ ನೋಡಿದರು.

ಬಿಸಿಲು ಬಾಡುವ ಹೊತ್ತಿಗೆ ಅಡಿಗೆಮನೆ ತಟ್ಟನೆ ಬೆಳಗಿತು. ಗಂಗವ್ವ ಕುಣಿಯಲಿಲ್ಲ, ಕೈಮುಗಿಯಲಿಲ್ಲ. ಒಲೆ ಹೊತ್ತಿಸಿ, ಹಂಚು ಇಟ್ಟು, ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ಬಾಗಿಲಲ್ಲಿ ನಿಂತ ದೇಸಾಯಿಯವರು ಹೊಗೆ ಹಿಡಿದ ಗೋಡೆಯನ್ನೂ ಹಂಚಿನ ಮೇಲೆ ಉಬ್ಬುತ್ತಿದ್ದ ಬೆಳ್ಳನೆಯ ರೊಟ್ಟಿಯನ್ನೂ ಬಹಳ ಹೊತ್ತು ನೋಡಿದರು. ಬರೆದದ್ದನ್ನು ಹೊಡೆದುಹಾಕಿ ‘ದೀಪ ಉರಿಯುತ್ತಿದೆ, ಶಿಫಾರಸು ಮಾಡಿದೆ’ ಎಂದು ಬರೆದರು. ಆದರೂ ಬಿಡಬೇಕಲ್ಲ!

“ಮನೀ ದೀಪಕ್ಕ ರೊಟ್ಟಿ ಉದ್ಯೋಗ ಅಂತ ಯಾಕ ಸಾಲ ಕೊಟ್ರಿ ಅಂತ ಮ್ಯಾಲಿನವರು ವಿವರಣಿ ಕೇಳ್ಯಾರ್ರಿ. ಅವರಿಗೇನ ಹೇಳ್ಲಿ?”

ಗಂಗವ್ವನ ಬುಟ್ಟಿಯಿಂದ ಕರಕಾದ ರೊಟ್ಟಿಯೊಂದನ್ನು ತೆಗೆದೆ. ಹಂಚಿನಿಂದ ಈಗಷ್ಟೇ ಇಳಿದ ರೊಟ್ಟಿಯೊಂದನ್ನು ತೆಗೆದೆ. ಎರಡನ್ನೂ ಪೇಪರಿನಲ್ಲಿ ಸುತ್ತಿ ಅವರ ಕೈಗಿಟ್ಟೆ.

“ಇದ ನನ್ನ ವಿವರಣಿ ಅಂತ ಹೇಳ್ರಿ.”

ಮತ್ತೆ ಯಾರೂ ವಿವರಣೆ ಕೇಳಲಿಲ್ಲ. ಸಬ್ಸಿಡಿ ಬಂತು, ಸಾಲ ತೀರಿತು. ಅದೇ ಓಣಿಯ ರೊಟ್ಟಿ ಮಾಡುವ ಇನ್ನಷ್ಟು ಮಂದಿಗೂ ಸಾಲ ಕೊಟ್ಟೆ. ಪ್ರತಿ ಮನೆಯಲ್ಲೂ ಸೊಸೆಯ ಸಹಿ ಪಡೆದ ಮೇಲೆ ಮಾಳಿಗೆ ಹತ್ತಿ ಅತ್ತೆಗೆ ಸಂಡಿಗೆಯ ಜಾಗ ತೋರಿಸಿಯೇ ಇಳಿಯುತ್ತಿದ್ದೆ. ಬ್ಯಾಂಕಿನವರು ಬೆಳಕಿನ ಬೆಲೆ ಹಾಕುತ್ತಾರೆ, ಕತ್ತಲೆಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನಗೆ ನೌಕರಿ ಕಲಿಸಿದ ಪಾಠ. ದೀಪ ಏನು ದುಡಿಯುತ್ತದೆ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗೆ ನಾನು ವಾದ ಹೇಳುವುದಿಲ್ಲ. ಚಿಮಣಿ ಹಚ್ಚಿಕೊಂಡು ಒಂದು ರೊಟ್ಟಿ ಬಡಿದು ತನ್ನಿ, ಆಮೇಲೆ ಮಾತಾಡೋಣ ಎನ್ನುತ್ತೇನೆ.